ಪಂಪ್‌ಸೆಟ್ ಸ್ಟಾರ್ಟರ್‌ನ ವಿದ್ಯುತ್ ನಕ್ಷೆ: ಸರ್ಕ್ಯೂಟ್ ಬ್ರೇಕರ್ ಮತ್ತು ಓವರ್‌ಲೋಡ್ ರಿಲೇ ಚಿಹ್ನೆಗಳು

ಸ್ಟಾರ್ಟರ್ ಪೆಟ್ಟಿಗೆಯೊಂದಿಗೆ ಬರುವ ವಿದ್ಯುತ್ ನಕ್ಷೆಯು ಮೋಟಾರಿನ ರಕ್ಷಣಾ ವ್ಯವಸ್ಥೆಯನ್ನು ತೋರಿಸುತ್ತದೆ. ಅದರ ಚಿಹ್ನೆಗಳನ್ನು ನೀವು ಅರಿತಿದ್ದರೆ, ಪಂಪ್ ನಿಂತಾಗ ದೋಷವಿರುವ ಭಾಗವನ್ನು ಗುರುತಿಸಬಹುದು. ದುರಸ್ತಿಯ ವೇಳೆ ರಕ್ಷಣೆ ತಪ್ಪಿಹೋಗದಂತೆಯೂ ಎಚ್ಚರ ವಹಿಸಬಹುದು. ಇಲ್ಲಿ ಐಇಸಿ ಮಾದರಿಯ ಚಿಹ್ನೆಗಳನ್ನು ವಿವರಿಸಲಾಗಿದೆ.

ಪ್ರಮುಖ ಚಿಹ್ನೆಗಳು

• ಫ್ಯೂಸ್: ಉದ್ದನೆಯ ಆಯತ, ಅದರ ನಡುವೆ ತಂತಿಯ ಗೆರೆ ಹಾದುಹೋಗಿರುತ್ತದೆ.
• ಐಸೊಲೇಟರ್: ತೆರೆದ ಸ್ವಿಚ್; ಸ್ಥಿರ ತುದಿಯಲ್ಲಿ ಚಿಕ್ಕ ಅಡ್ಡಗೆರೆ.
• ಸರ್ಕ್ಯೂಟ್ ಬ್ರೇಕರ್: ತೆರೆದ ಸ್ವಿಚ್, ಸ್ಥಿರ ತುದಿಯಲ್ಲಿ × ಗುರುತು.
• ಕಾಂಟ್ಯಾಕ್ಟರ್: ಸ್ಥಿರ ತುದಿಯಲ್ಲಿ ಅರ್ಧವೃತ್ತ. ಇದರ ಕಾಯಿಲ್ ಒಂದು ಆಯತ; ತುದಿಗಳು ಎ1 ಮತ್ತು ಎ2.
• ಓವರ್‌ಲೋಡ್ ರಿಲೇ: ಆಯತದೊಳಗೆ ಚೌಕಾಕಾರವಾಗಿ ಬಾಗಿದ ಗೆರೆ.
• ತುಂಡುಗೆರೆ: ಭಾಗಗಳು ಯಾಂತ್ರಿಕವಾಗಿ ಒಟ್ಟಿಗೆ ಚಲಿಸುತ್ತವೆ ಎಂಬುದರ ಸೂಚನೆ.

ಎರಡು ರಕ್ಷಣೆಗಳ ವ್ಯತ್ಯಾಸ

ಬ್ರೇಕರ್ ಮುಖ್ಯವಾಗಿ ಶಾರ್ಟ್ ಸರ್ಕ್ಯೂಟ್‌ನಿಂದ ತಂತಿಯನ್ನು ರಕ್ಷಿಸುತ್ತದೆ. ನೇರ ಸ್ಟಾರ್ಟರ್‌ನಲ್ಲಿ ಮೋಟಾರು ಆರಂಭವಾಗುವಾಗ ಪೂರ್ಣಭಾರದ ಸುಮಾರು 6 ಪಟ್ಟು ವಿದ್ಯುತ್ ಹರಿಯುವುದರಿಂದ, ಬ್ರೇಕರನ್ನು ಹೆಚ್ಚಿನ ಸಾಮರ್ಥ್ಯದ್ದಾಗಿ ಆರಿಸಲಾಗುತ್ತದೆ. ಉದಾಹರಣೆಗೆ, 8 ಆಂಪಿಯರ್ ಮೋಟಾರಿಗೆ 16 ಆಂಪಿಯರ್ ಬ್ರೇಕರ್ ಇದೆ ಎಂದುಕೊಳ್ಳಿ. ಒಂದು ಫೇಸ್ ತಪ್ಪಿ ಉಳಿದೆರಡರಲ್ಲಿ 12 ಆಂಪಿಯರ್ ಹರಿದರೂ ಬ್ರೇಕರ್ ಬೀಳುವುದಿಲ್ಲ. ಆದರೆ ಮೋಟಾರಿನ ವೈಂಡಿಂಗ್ ಸುಟ್ಟುಹೋಗುತ್ತದೆ. ಇದನ್ನು ತಡೆಯುವುದು ಓವರ್‌ಲೋಡ್ ರಿಲೇ.

ನಕ್ಷೆಯನ್ನು ಓದುವ ಕ್ರಮ

ಮುಖ್ಯ ಮಾರ್ಗವನ್ನು ಮೇಲಿನಿಂದ ಕೆಳಕ್ಕೆ ಓದಿರಿ: ಬ್ರೇಕರ್, ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಮೋಟಾರು. ಅನಂತರ ನಿಯಂತ್ರಣ ಮಾರ್ಗದಲ್ಲಿ 95–96 ಎಂಬ ಸಂಖ್ಯೆಗಳನ್ನು ಹುಡುಕಿರಿ. ರಿಲೇ ತಾನೇ ಮೋಟಾರಿನ ವಿದ್ಯುತ್ತನ್ನು ಕಡಿಯುವುದಿಲ್ಲ. ಅದು ಬಿಸಿಯಾದಾಗ 95–96 ಸಂಪರ್ಕ ತೆರೆಯುತ್ತದೆ, ಕಾಯಿಲ್‌ಗೆ ವಿದ್ಯುತ್ ನಿಲ್ಲುತ್ತದೆ, ಕಾಂಟ್ಯಾಕ್ಟರ್ ಬಿಡುತ್ತದೆ. ಆದ್ದರಿಂದ ಈ ಎರಡು ತುದಿಗಳನ್ನು ತಂತಿಯಿಂದ ನೇರವಾಗಿ ಜೋಡಿಸಿದರೆ ರಿಲೇ ಪೆಟ್ಟಿಗೆಯಲ್ಲಿದ್ದೂ ಇಲ್ಲದಂತಾಗುತ್ತದೆ. 97–98 ಸಂಪರ್ಕವು ಸೂಚಕ ದೀಪಕ್ಕೆ ಉಪಯುಕ್ತ.

ಗಮನಿಸಬೇಕಾದ ಅಂಶಗಳು

• ನೇರ ಸ್ಟಾರ್ಟರ್‌ನಲ್ಲಿ ರಿಲೇಯನ್ನು ಮೋಟಾರಿನ ನಾಮಫಲಕದಲ್ಲಿರುವ ಆಂಪಿಯರ್‌ಗೆ ಹೊಂದಿಸಿರಿ.
• ಸ್ಟಾರ್–ಡೆಲ್ಟಾ ಸ್ಟಾರ್ಟರ್‌ನಲ್ಲಿ ರಿಲೇಯು ವೈಂಡಿಂಗ್ ಮಾರ್ಗದಲ್ಲಿದ್ದರೆ ಆ ಮೌಲ್ಯದ ಶೇ. 58ಕ್ಕೆ ಹೊಂದಿಸಬೇಕು.
• ರಿಲೇ ಪದೇ ಪದೇ ಬೀಳುತ್ತಿದ್ದರೆ ಹೊಂದಿಕೆಯನ್ನು ಏರಿಸಬೇಡಿರಿ. ಫೇಸ್ ತಪ್ಪಿರುವುದು, ಕಡಿಮೆ ವೋಲ್ಟೇಜ್, ಮರಳು ಸಿಲುಕಿದ ಪಂಪ್ ಅಥವಾ ಸವೆದ ಬೇರಿಂಗ್ ಇದೆಯೇ ಎಂದು ಪರೀಕ್ಷಿಸಿರಿ.
• ಪೆಟ್ಟಿಗೆ ತೆರೆಯುವ ಮೊದಲು ಮುಖ್ಯ ಸ್ವಿಚ್ ಆರಿಸಿ, ಮೂರೂ ಫೇಸ್‌ಗಳಲ್ಲಿ ವಿದ್ಯುತ್ ಇಲ್ಲವೆಂದು ಖಚಿತಪಡಿಸಿಕೊಳ್ಳಿರಿ. ಜೋಡಣೆಯ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿರಿ.