ಯಮಲೋಕದಲ್ಲಿ ಮುಷ್ಕರ: ಸಾವಿನ ಆಫೀಸು ನೋಡಿ ನಕ್ಕ ಸಿನಿಮಾಗಳು

ರಾಜಮೌಳಿಯ 'ಯಮದೊಂಗ' ನೋಡಿರೋರು ನಿಮ್ಮಲ್ಲಿ ತುಂಬಾ ಜನ ಇರ್ತೀರಿ. 2007ರ ಸಿನಿಮಾ. ಜೂನಿಯರ್ ಎನ್‌ಟಿಆರ್ ಯಮನ ಪಾಶವನ್ನೇ ಕದ್ದುಬಿಡ್ತಾನೆ. ಆದ್ರೆ ಯಮನನ್ನ ಹೀಗೆ ಗೋಳು ಹೊಯ್ಕೊಳ್ಳೋ ಸಿನಿಮಾಗಳಿಗೆ ಆಗಲೇ ಹತ್ತಿರ ಹತ್ತಿರ ಐವತ್ತು ವರ್ಷ ವಯಸ್ಸಾಗಿತ್ತು. ಇವತ್ತು ಅವುಗಳ ಕಥೆ. ನಾನೇನೂ ವಿಮರ್ಶಕ ಅಲ್ಲ, ತಟ್ಟೆ ಮುಂದಿಟ್ಕೊಂಡು ಸಿನಿಮಾ ನೋಡೋನು. ಹಾಗಾಗಿ ಇತಿಹಾಸದ ಜೊತೆ ನನ್ನ ಅಭಿಪ್ರಾಯಗಳೂ ಬರ್ತವೆ.

ಶುರುವಾಗಿದ್ದು ಬಂಗಾಳದಲ್ಲಿ. 19ನೇ ಶತಮಾನದ ಲೇಖಕ ದೀನಬಂಧು ಮಿತ್ರ ಅಂಚೆ ಇಲಾಖೆಯಲ್ಲಿ ಕೆಲಸ ಮಾಡ್ತಿದ್ದವರು. ನೀಲಿ ಬೆಳೆಸುತ್ತಿದ್ದ ರೈತರ ಮೇಲೆ ಬ್ರಿಟಿಷ್ ತೋಟಗಾರರು ನಡೆಸಿದ ದಬ್ಬಾಳಿಕೆಯನ್ನು 'ನೀಲ ದರ್ಪಣ' ನಾಟಕದಲ್ಲಿ ತೋರಿಸಿದ್ದು ಇವರೇ. ಅದು ಬಂದಿದ್ದು 1860ರಲ್ಲಿ. ಜೀವಂತ ಮನುಷ್ಯನೊಬ್ಬ ಯಮಾಲಯಕ್ಕೆ ಹೋಗೋ ತಮಾಷೆಯ ಕಥೆ ಬರೆದವರೂ ಇವರೇ. ಅಧಿಕಾರದ ಬಗ್ಗೆ ಸಿಟ್ಟು ಬಂದಾಗ ಒಮ್ಮೆ ಅತ್ತು ತೋರಿಸಿದರು, ಇನ್ನೊಮ್ಮೆ ನಗಿಸಿ ತೋರಿಸಿದರು ಅಂತ ನನಗನ್ನಿಸುತ್ತೆ. ಈ ಕಥೆಯೇ 1958ರಲ್ಲಿ 'ಜಮಾಲಯೇ ಜೀಬಂತ ಮಾನುಷ್' ಅನ್ನೋ ಬಂಗಾಳಿ ಸಿನಿಮಾ ಆಯ್ತು. ಹಾಸ್ಯನಟ ಭಾನು ಬಂದ್ಯೋಪಾಧ್ಯಾಯ ಹೀರೋ.

ಎರಡೇ ವರ್ಷಕ್ಕೆ ಅದು ತೆಲುಗಿಗೆ ಬಂತು. 1960ರ 'ದೇವಾಂತಕುಡು', ಎನ್.ಟಿ. ರಾಮರಾವ್ ನಾಯಕ. ಹದಿನೇಳು ವರ್ಷ ಆದ್ಮೇಲೆ ಅದೇ ಎನ್‌ಟಿಆರ್ 'ಯಮಗೋಲ'ದಲ್ಲಿ ಮತ್ತೆ ಯಮಲೋಕಕ್ಕೆ ಹೋದರು. ಈ ಸಲ ಹೀರೋ ಮಾಡಿದ್ದೇನು ಗೊತ್ತಾ? ಯಮಕಿಂಕರರನ್ನ ಸೇರಿಸಿ ಯೂನಿಯನ್ ಕಟ್ಟಿ ಮುಷ್ಕರ ಹೂಡಿಸಿದ!

ಈಗ ಇಸವಿ ನೋಡಿ. ಯಮಗೋಲ ಬಿಡುಗಡೆ ಆಗಿದ್ದು 1977ರ ಅಕ್ಟೋಬರ್‌ನಲ್ಲಿ. ತುರ್ತು ಪರಿಸ್ಥಿತಿ ಮುಗಿದಿದ್ದು ಅದೇ ವರ್ಷ ಮಾರ್ಚ್‌ನಲ್ಲಿ. ಇಪ್ಪತ್ತೊಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದ ಜನ ಥಿಯೇಟರಲ್ಲಿ ಕೂತು, ಯಾರೂ ಎದುರಾಡದ ದೊರೆಯ ದರ್ಬಾರಿನಲ್ಲೇ ಮುಷ್ಕರ ನಡೆಯೋದನ್ನ ನೋಡ್ತಿದ್ದಾರೆ. ಆ ನಗು ಬರೀ ಟೈಂಪಾಸ್ ಆಗಿರಲಿಕ್ಕಿಲ್ಲ. 1979ರಲ್ಲಿ ಇದು ಹಿಂದಿಯಲ್ಲಿ 'ಲೋಕ್ ಪರಲೋಕ್' ಆಯ್ತು, 1980ರಲ್ಲಿ ತಮಿಳಿನಲ್ಲಿ ಶಿವಾಜಿ ಗಣೇಶನ್ ನಟಿಸಿದ 'ಯಮನುಕ್ಕು ಯಮನ್' ಆಯ್ತು.

ಯಮನ ಜೊತೆ ವಾದ ಮಾಡೋದು ನಮಗೆ ಹೊಸದಲ್ಲ. ಸಾವಿತ್ರಿ ಮಾಡಿದ್ದು ಅದನ್ನೇ, ನಚಿಕೇತನೂ ಬಿಡದೆ ಪ್ರಶ್ನೆ ಕೇಳಿದ. ನಮ್ಮ ಯಕ್ಷಗಾನದಲ್ಲಿ ದೂತನ ವೇಷದ ಹಾಸ್ಯಗಾರ ರಾಜನ ಎದುರೇ ಕೀಟಲೆ ಮಾಡ್ತಾನಲ್ಲ, ಇದು ಅದೇ ದಾರಿ. ಈ ಸಿನಿಮಾಗಳು ದೇವರನ್ನ ಗೇಲಿ ಮಾಡಲ್ಲ. ಕಡತ, ಲೆಕ್ಕದ ಪುಸ್ತಕ, 'ಮೇಲಿನವರನ್ನ ಕೇಳಬೇಕು' ಅನ್ನೋ ಗುಮಾಸ್ತ, ಇವನ್ನ ಗೇಲಿ ಮಾಡ್ತವೆ. ಚಿತ್ರಗುಪ್ತನನ್ನ ನೋಡಿದಾಗ ನಮಗೆ ತಾಲ್ಲೂಕು ಕಚೇರಿ ನೆನಪಾಗದೇ ಇರುತ್ತಾ?

ಕನ್ನಡದಲ್ಲೂ ಈ ಕಡೆಯ ಪ್ರಯತ್ನಗಳಾಗಿವೆ. 'ಬಂಗಾರದ ಮನುಷ್ಯ' ಮಾಡಿದ ಸಿದ್ದಲಿಂಗಯ್ಯನವರೇ 1980ರಲ್ಲಿ 'ನಾರದ ವಿಜಯ' ಮಾಡಿದರು. ಅನಂತ್ ನಾಗ್ ನಾರದನಾಗಿ ಭೂಮಿಗೆ ಬರ್ತಾರೆ. ತಂಬೂರಿ ಹಿಡಿದ ಅನಂತ್ ನಾಗ್ ಒಬ್ಬರೇ ಸಾಕು, ನೋಡಿಸಿಕೊಂಡು ಹೋಗುತ್ತೆ. 2012ರ ಉಪೇಂದ್ರರ 'ಕಠಾರಿವೀರ ಸುರಸುಂದರಾಂಗಿ'ಯಲ್ಲಿ ಅಂಬರೀಶ್ ಯಮ. ಅಂಬರೀಶ್ ಗತ್ತು ಇಷ್ಟ ಆಯ್ತು, ಆದ್ರೆ ತ್ರೀಡಿ ಆರ್ಭಟದಲ್ಲಿ ತಮಾಷೆ ಸ್ವಲ್ಪ ಕಳೆದುಹೋಯ್ತು ಅನ್ನಿಸ್ತು.

ಒಂದೇ ಒಂದು ನೋಡ್ತೀನಿ ಅಂದ್ರೆ ನನ್ನ ಓಟು 1994ರ ತೆಲುಗು 'ಯಮಲೀಲ'ಕ್ಕೆ. ಯಮಗೋಲದಲ್ಲಿ ಯಮನಾಗಿದ್ದ ಕೈಕಾಲ ಸತ್ಯನಾರಾಯಣ ಇಲ್ಲೂ ಯಮ. ಭವಿಷ್ಯದ ಪುಸ್ತಕ ಯಮಲೋಕದಿಂದ ಜಾರಿ ಅಲಿ ಕೈಗೆ ಸಿಗುತ್ತೆ. ಅದರಲ್ಲಿ ಅವನು ತನ್ನ ತಾಯಿಯ ಸಾವಿನ ಹೊತ್ತನ್ನೂ ಓದ್ತಾನೆ. ಅಲ್ಲಿವರೆಗೆ ನಕ್ಕಿದ್ದೆಲ್ಲ ಗಂಟಲಲ್ಲಿ ನಿಂತುಬಿಡುತ್ತೆ. ಆಫೀಸನ್ನ ಗೇಲಿ ಮಾಡಬಹುದು, ಗುಮಾಸ್ತನ ತಪ್ಪು ಹಿಡಿಯಬಹುದು, ಆದ್ರೆ ಅಮ್ಮ ಒಂದು ದಿನ ಹೋಗ್ತಾಳೆ ಅನ್ನೋದಕ್ಕೆ ಯಾವ ಮುಷ್ಕರವೂ ನಡೆಯಲ್ಲ. ಅದನ್ನೂ ಮರೆಮಾಚದ ಕಾಮಿಡಿ ಅಂತಲೇ ನನಗೆ ಅದು ಇಷ್ಟ.

ಮೊಬೈಲಲ್ಲಿ ಒಬ್ಬರೇ ನೋಡಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.