ಗಳಿಸುವ ಸಾಮು, ಉಳಿಸುವ ಸಾಮು

ಅಂಗಸಾಧನೆಯ ಚರಿತ್ರೆಯನ್ನು ಹೇಳುವವರು ಸಾಧಕನು ಗುರಿ ಮುಟ್ಟಿದ ದಿನಕ್ಕೆ ಕಥೆಯನ್ನು ಮುಗಿಸಿ ಮಂಗಳ ಹಾಡಿಬಿಡುವುದು ವಾಡಿಕೆ. ಪೈಲ್ವಾನನು ಕುಸ್ತಿ ಗೆದ್ದನು. ಬಡಕಲಾಗಿದ್ದ ಹುಡುಗನ ಎದೆ ಅಗಲವಾಯಿತು. ಸ್ಥೂಲಕಾಯರೊಬ್ಬರು ಮೈ ಇಳಿಸಿದರು. ಆ ಮೈ ಆಮೇಲೆ ಏನಾಯಿತು, ಅದನ್ನು ಕಾಪಾಡಿಕೊಳ್ಳಲು ಸಾಮಿನ ಕ್ರಮವನ್ನು ಹೇಗೆ ಬದಲಾಯಿಸಿಕೊಂಡರು ಎಂದು ವಿಚಾರಿಸುವವರು ವಿರಳ. ಆದರೆ ನಮ್ಮ ವಿಶ್ವೇಶ್ವರಪುರದ ಮನೆಗಳಲ್ಲಿ ಈಗ ಎದ್ದಿರುವ ಪ್ರಶ್ನೆಯಾದರೋ ಇದೇ. ಸಕ್ಕರೆ ಕಾಯಿಲೆಯ ಭಯದಿಂದ ಕೆಲವು ತಿಂಗಳು ಲಾಲ್‌ಬಾಗನ್ನು ಸುತ್ತಿ, ಊಟವನ್ನು ಅರ್ಧಕ್ಕಿಳಿಸಿ, 80 ಕಿಲೋ ಇದ್ದವರು 65ಕ್ಕೆ ಬಂದು ನಿಲ್ಲುತ್ತಾರೆ. ಮರುತಿಂಗಳಿನಿಂದ ಅವರು ತೋಟದ ಕಡೆ ಕಾಣಿಸುವುದಿಲ್ಲ. "ಏನು ರಾಯರೇ, ದರ್ಶನವೇ ಇಲ್ಲವಲ್ಲ?" ಎಂದರೆ, "ಇನ್ನೇನು ಸ್ವಾಮಿ, ಡಾಕ್ಟರು ಹೇಳಿದ ತೂಕ ಬಂತಲ್ಲ!" ಎಂಬ ಉತ್ತರ. ಒಂದೆರಡು ವರ್ಷ ಕಳೆಯುವುದರೊಳಗೆ ಇಳಿದ ತೂಕ ಬಡ್ಡಿ ಸಮೇತ ಮನೆಗೆ ಬಂದಿರುತ್ತದೆ. ಅದರ ಹಿಂದೆಯೇ ಸಕ್ಕರೆಯೂ. ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿ ದಾಟಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಹೇಳಿದೆ. ಆದುದರಿಂದ ಇದು ಬರಿಯ ಅಂದಚಂದದ ಮಾತಲ್ಲ.

ಹಿಂದಿನವರು ಈ ವಿಷಯವನ್ನು ಯೋಚಿಸಿರಲಿಲ್ಲವೇ? ಯೋಚಿಸಿದ್ದರು. ವ್ಯಾಯಾಮವನ್ನು ವಿಧಿಸುವಾಗ ಸುಶ್ರುತನು ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಈ ಆರನ್ನೂ ನೋಡಬೇಕೆನ್ನುತ್ತಾನೆ. ಇದರಲ್ಲಿ 'ಶರೀರ' ಎಂಬ ಮಾತನ್ನು ಓದುಗರು ಗಮನಿಸಬೇಕು. 80 ಕಿಲೋ ತೂಗುತ್ತಿದ್ದ ಶರೀರಕ್ಕೆ ಹೇಳಿದ ಕ್ರಮ 65 ಕಿಲೋ ತೂಗುವ ಶರೀರಕ್ಕೆ ಹಾಗೆಯೇ ಹೊಂದುವುದೆಂದು ಭಾವಿಸಲು ಆಧಾರವಿಲ್ಲ. ಶರೀರ ಬದಲಾದ ಮೇಲೆ ಲೆಕ್ಕವನ್ನೂ ಮತ್ತೆ ಹಾಕಬೇಕು. ನಮ್ಮ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಾಯಾಮಕ್ಕೆ ಖರ್ಚು ಮಾಡಬೇಕೆಂಬುದು ಆಯುರ್ವೇದದ ಪ್ರಸಿದ್ಧ ವಿಧಿ. ಹಣೆಯಲ್ಲಿ, ಮೂಗಿನ ಮೇಲೆ, ಕಂಕುಳಲ್ಲಿ ಬೆವರು ಒಡೆದು ಬಾಯಿ ಒಣಗತೊಡಗಿದರೆ ಅರ್ಧ ಮುಗಿಯಿತೆಂದು ವ್ಯಾಖ್ಯಾನಕಾರರು ಗುರುತು ಹೇಳಿದ್ದಾರೆ. ಗಡಿಯಾರವಿಲ್ಲದ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಬೇಕೆ?

ಇನ್ನೂ ಸ್ವಾರಸ್ಯವಾದುದು ವಾಗ್ಭಟನ ಅಷ್ಟಾಂಗಹೃದಯದಲ್ಲಿದೆ. ಋತುಚರ್ಯೆಯ ಅಧ್ಯಾಯದ ಕೊನೆಯಲ್ಲಿ, ಒಂದು ಋತುವಿನ ಕಡೆಯ ಏಳು ದಿನ, ಮುಂದಿನ ಋತುವಿನ ಮೊದಲ ಏಳು ದಿನ ಸೇರಿ ಋತುಸಂಧಿ ಎನ್ನುತ್ತಾನೆ. ಈ ಅವಧಿಯಲ್ಲಿ ಹಳೆಯ ಕ್ರಮವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಹಿಡಿಯಬೇಕು. ತಟಕ್ಕನೆ ಬಿಟ್ಟರೂ ರೋಗ, ತಟಕ್ಕನೆ ಹಿಡಿದರೂ ರೋಗ. ರೂಢಿಯಾದ ಅಪಥ್ಯವನ್ನು ಬಿಡಬೇಕಾದರೂ ಕಾಲುಭಾಗ ಕಾಲುಭಾಗವಾಗಿ ಬಿಡಬೇಕೆಂದು ಚರಕನಿಂದ ಹಿಡಿದು ಎಲ್ಲರ ಮತ. ಗುರಿಯ ತೂಕ ಮುಟ್ಟಿದ ವಾರವನ್ನು ನಾನು ದೇಹದ ಒಂದು ಋತುಸಂಧಿಯೆಂದೇ ಕರೆಯುತ್ತೇನೆ. ಶಾಸ್ತ್ರದಲ್ಲಿ ಹಾಗಿಲ್ಲ, ಇದು ನನ್ನ ಅನ್ವಯ. ಆದರೆ ಅನ್ವಯದಲ್ಲಿ ದೋಷವಿದೆಯೆಂದು ನನಗೆ ತೋರುವುದಿಲ್ಲ.

ನಮ್ಮ ನಾಡಿನಲ್ಲಿಯೇ ಹುಟ್ಟಿದ ಗ್ರಂಥವೊಂದನ್ನು ಇಲ್ಲಿ ನೆನೆಯಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಮಾನಸೋಲ್ಲಾಸ 12ನೆಯ ಶತಮಾನದ ಮೊದಲ ಭಾಗದ್ದು. ಅದರ ಮಲ್ಲವಿನೋದದಲ್ಲಿ ಜಟ್ಟಿಗಳಿಗೆ ಹೇಳಿದ ಅಭ್ಯಾಸಗಳಿವೆ: ಭಾರ ಹೊರುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿಳಿದು ಮಾಡುವ ಸಲಿಲಶ್ರಮ, ತೋಳಿನ ಬಲಕ್ಕಾಗಿ ಬಾಹುಪೆಲ್ಲಣಶ್ರಮ, ಕಂಬದ ಮೇಲಿನ ಸ್ತಂಭಶ್ರಮ. ಶ್ರಮವೆಂದರೆ ಇಲ್ಲಿ ದಣಿವಲ್ಲ, ಅಭ್ಯಾಸ. ಹಳಗನ್ನಡದಲ್ಲಿಯೂ ಈ ಅರ್ಥವುಂಟು. ಭಾರ ಹೊರುವುದನ್ನೂ ಬರಿಯ ನಡಿಗೆಯನ್ನೂ ಆ ದೊರೆ ಬೇರೆ ಬೇರೆ ಹೆಸರಿಟ್ಟು ಎರಡು ಸಾಧನೆಗಳೆಂದು ಎಣಿಸಿದ್ದಾನೆ. ಈ ವಿಂಗಡಣೆ ನಮಗೆ ಮುಂದೆ ಬೇಕಾಗುತ್ತದೆ.

ಬೆಂಗಳೂರು ಪೇಟೆಯ ಗರಡಿಗಳಿಗೆ ಬರೋಣ. ಕಬ್ಬನ್‌ಪೇಟೆ, ತಿಗಳರಪೇಟೆಗಳ ಓಣಿಗಳಲ್ಲಿ ಆಂಜನೇಯನ ಚಿತ್ರ, ಕೆಮ್ಮಣ್ಣಿನ ಅಖಾಡ, ಗದೆ, ಕಲ್ಲುಗುಂಡು ಇವುಗಳೊಡನೆ ಬೆಳೆದ ಮನೆಗಳು ಇವು. ಕರಗದ ವೀರಕುಮಾರರಿಗೂ ಗರಡಿಗೂ ಇರುವ ನಂಟು ಊರಿಗೇ ಗೊತ್ತು. ಅಲ್ಲಿ ದಂಡ, ಬಸ್ಕಿಗಳನ್ನು ನೂರುಗಟ್ಟಲೆ ತೆಗೆಯುವವನಿಗೆ ಹಾಲು, ತುಪ್ಪ, ಬಾದಾಮಿಗಳ ಪುಷ್ಟಿಯೂ ಅದೇ ಪ್ರಮಾಣದಲ್ಲಿ ನಡೆಯಬೇಕು. ದಸರೆಯ ಕುಸ್ತಿ ಮುಗಿಯಿತು, ಮದುವೆಯಾಯಿತು, ಅಂಗಡಿ ಇಟ್ಟ, ಸಾಮು ನಿಂತಿತು. ಆದರೆ ಹಾಲು ತುಪ್ಪ ನಿಲ್ಲಲಿಲ್ಲ. ಎದೆಯಲ್ಲಿದ್ದುದು ಹೊಟ್ಟೆಗೆ ಜಾರುವುದಕ್ಕೆ ಎಷ್ಟು ಕಾಲ ಬೇಕು? ಇದನ್ನು ಬಲ್ಲ ಉಸ್ತಾದರು ಪ್ರಾಯ ಇಳಿದ ಶಿಷ್ಯನನ್ನು ಮನೆಗೆ ಕಳುಹಿಸುತ್ತಿರಲಿಲ್ಲ. ಹುಡುಗರಿಗೆ ಪಟ್ಟು ಹೇಳಿಕೊಡುವ ಕೆಲಸ, ಅಖಾಡದ ಮಣ್ಣನ್ನು ಅಗೆದು ಹದ ಮಾಡುವ ಕೆಲಸ ಅವನಿಗೆ ಬೀಳುತ್ತಿತ್ತು. ಮಣ್ಣು ಅಗೆಯುವುದು ಅಂಥಿಂಥ ಸಾಮಲ್ಲವೆಂಬುದು ಗುದ್ದಲಿ ಹಿಡಿದವರಿಗೆ ಗೊತ್ತು.

19ನೆಯ ಶತಮಾನ ಮುಗಿಯುವ ಹೊತ್ತಿಗೆ ಈ ವಿದ್ಯೆ ಗರಡಿಯಿಂದ ಮಧ್ಯಮ ವರ್ಗದ ಮನೆಗಳಿಗೆ ಬರತೊಡಗಿತು. ದೇಶೀಯ ಪದ್ಧತಿಯ ಕಸರತ್ತನ್ನು ಕುರಿತ 'ವ್ಯಾಯಾಮ ದೀಪಿಕಾ' ಎಂಬ ಪುಸ್ತಕ 1896ರಲ್ಲಿ ಬೆಂಗಳೂರಿನಲ್ಲಿಯೇ ಅಚ್ಚಾಯಿತು. 1905ರ ಸುಮಾರಿಗೆ ಯೂರೋಪಿನ ಪ್ರಸಿದ್ಧ ಬಲಶಾಲಿ ಯೂಜೆನ್ ಸ್ಯಾಂಡೋ ಭಾರತಕ್ಕೆ ಬಂದುಹೋದ. ಆ ಬಳಿಕ ಡಂಬೆಲ್ ಹಿಡಿಯದ ಹೈಸ್ಕೂಲು ಹುಡುಗನಿಲ್ಲ ಎನ್ನುವಂತಾಯಿತು. ಈ ಎರಡು ಪ್ರವಾಹಗಳೂ ಕೂಡಿದ್ದು ನಮ್ಮ ಕೆ. ವಿ. ಅಯ್ಯರ್ ಅವರಲ್ಲಿ. 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳ ಮೂಲಕ ಅವರನ್ನು ಬಲ್ಲ ಓದುಗರು ಹೆಚ್ಚು. ಆದರೆ ಅವರ ಜೀವಮಾನದ ವೃತ್ತಿ ವ್ಯಾಯಾಮ. ಕೋಲಾರ ಸೀಮೆಯ ದೇವರಾಯಸಮುದ್ರದಿಂದ ಬಂದ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ನಡೆಸಿದರು, ಅಂಚೆಯ ಮೂಲಕ ದೂರದೂರದವರಿಗೆ ಪಾಠ ಕಳುಹಿಸಿದರು, 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸೀಕ್', 1937ರಲ್ಲಿ 'ಸೂರ್ಯನಮಸ್ಕಾರ್' ಎಂಬ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ವಿಶ್ವೇಶ್ವರಪುರದಿಂದ ನಾಲ್ಕು ಹೆಜ್ಜೆ ನಡೆದರೆ ಸಿಕ್ಕುವ ಜೆ. ಸಿ. ರಸ್ತೆಯ ಅವರ ವ್ಯಾಯಾಮಶಾಲೆಗೆ ಸಾಮು ಮಾಡುವವರಷ್ಟೇ ನಾಟಕದವರೂ ಬರುತ್ತಿದ್ದರು. ಕೈಲಾಸಂ ಅವರ ಒಡನಾಟವಂತೂ ಪ್ರಸಿದ್ಧ.

ಅಯ್ಯರ್ ಅವರ ಪದ್ಧತಿಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವರು ಕಬ್ಬಿಣವನ್ನೂ ಆಸನ ನಮಸ್ಕಾರಗಳನ್ನೂ ಒಟ್ಟಿಗೆ ಕಲಿಸಿದ್ದು. ತಮ್ಮ ಮೈಕಟ್ಟಿಗೆ ಸಲಕರಣೆಗಳಿಗಿಂತ ಹಠಯೋಗವೇ ಹೆಚ್ಚು ಕಾರಣವೆಂಬ ಅರ್ಥದ ಮಾತನ್ನು ಅವರೇ ಬರೆದಿದ್ದಾರೆ. ಬಾರ್‌ಬೆಲ್ಲನ್ನು ಎತ್ತಲು ವ್ಯಾಯಾಮಶಾಲೆ ಬೇಕು, ಪ್ರಾಯ ಬೇಕು. ನಮಸ್ಕಾರಕ್ಕೆ ಒಂದು ಚಾಪೆಯಷ್ಟು ಜಾಗ ಸಾಕು. ಮೈ ಗಳಿಸಿದ ಹುಡುಗನು ಗುಮಾಸ್ತೆಯಾಗಿ ಶಿವಮೊಗ್ಗಕ್ಕೋ ರಾಯಚೂರಿಗೋ ವರ್ಗವಾಗಿ ಹೋದಮೇಲೆ ಅವನ ಜೊತೆಗೆ ಹೋಗಬಲ್ಲದ್ದು ಯಾವುದು?

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಸ್ಯಾಂಡೋ ಕಾಲದ ಪುಸ್ತಕಗಳಿಗೆಲ್ಲ ಮುಖ್ಯ ಶತ್ರು ದೌರ್ಬಲ್ಯ. ಮೈ ಬೆಳೆಸುವುದೇ ಗುರಿ, ತೂಕ ಏರಿದರೆ ಸಂತೋಷ. ಈಗ ಗುರಿ ತಿರುವುಮುರುವಾಗಿದೆ. ಬಲದ ವಿಚಾರದಲ್ಲಿ ಹಿರಿಯರು ಕಂಡ ನ್ಯಾಯವನ್ನೇ ತೂಕಕ್ಕೂ ಅನ್ವಯಿಸಿಬಿಟ್ಟದ್ದರಿಂದಲೇ ಈ ಕಾಲದ ಸಾಧಕರು ಮೋಸ ಹೋಗುತ್ತಿರುವುದೆಂದು ನನ್ನ ಅಭಿಪ್ರಾಯ.

ಬಲದ ನ್ಯಾಯ ಇದು: ಗಳಿಸುವುದಕ್ಕೆ ಬೇಕಾದಷ್ಟು ಶ್ರಮ ಉಳಿಸುವುದಕ್ಕೆ ಬೇಡ. ವಾರಕ್ಕೆ ಮೂರು ದಿನ ಭಾರವೆತ್ತಿ ಪಡೆದ ಬಲವನ್ನು, ಎತ್ತುವ ಭಾರವನ್ನು ಇಳಿಸದೆ, ವಾರಕ್ಕೆ ಒಂದೆರಡು ಸಲದ ಅಭ್ಯಾಸದಿಂದ ಹಲವು ವಾರಗಳ ಕಾಲ ಉಳಿಸಿಕೊಳ್ಳಬಹುದೆಂದು 1980ರ ದಶಕದ ಪ್ರಯೋಗಗಳು ತೋರಿಸಿದವು. ಮುದಿ ಪೈಲ್ವಾನನ ತೋಳು ಬಹುಕಾಲ ಗಟ್ಟಿಯಾಗಿ ಉಳಿಯುವುದರ ಗುಟ್ಟು ಇದೇ ಇರಬೇಕು.

ತೂಕದ ನ್ಯಾಯ ಬೇರೆ, ಹೆಚ್ಚು ಕಡಮೆ ಇದಕ್ಕೆ ವಿರುದ್ಧ. ನಡಿಗೆಗೆ ತಗಲುವ ಶಕ್ತಿ ಸುಮಾರಾಗಿ ಮೈಭಾರಕ್ಕೆ ಅನುಗುಣವಾದದ್ದು. 80 ಕಿಲೋ ಇದ್ದಾಗ ಲಾಲ್‌ಬಾಗಿನ ಒಂದು ಸುತ್ತಿಗೆ ಎಷ್ಟು ಖರ್ಚಾಗುತ್ತಿತ್ತೋ 65ಕ್ಕೆ ಬಂದ ಮೇಲೆ ಅದೇ ಸುತ್ತಿಗೆ ಐದರಲ್ಲಿ ಒಂದು ಪಾಲು ಕಡಮೆಯಾಗುತ್ತದೆ. ಅದೇ ನಡಿಗೆ, ಅದೇ ಊಟ ಎಂದುಕೊಂಡರೂ ಲೆಕ್ಕ ಸರಿಹೋಗದು. ಅಲ್ಲದೆ ಹಸಿದ ಶರೀರ ತಾನೇ ಜಿಪುಣವಾಗುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಸ್ವಯಂಸೇವಕರಾಗಿ ಬಂದ 36 ಮಂದಿ ತರುಣರಿಗೆ ಅರೆಹೊಟ್ಟೆ ಊಟ ಕೊಟ್ಟು ವಾರಕ್ಕೆ 22 ಮೈಲಿ ನಡೆಸಿದ. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಅದರೊಡನೆ ದೇಹದ ಒಳಗಿನ ಉರಿಯೂ ತಗ್ಗಿತು. ಊಟ ಮತ್ತೆ ಸಿಕ್ಕಿದಾಗ ಮೊದಲಿಗಿಂತ ಹೆಚ್ಚು ಕೊಬ್ಬು ಕೂಡಿಕೊಂಡಿತು. ಸ್ನಾಯು ಅಷ್ಟು ಬೇಗ ಮರಳಲಿಲ್ಲ. ಅಲ್ಲಿನ ಟೆಲಿವಿಷನ್ ಪಂದ್ಯವೊಂದರಲ್ಲಿ ವಿಪರೀತ ತೂಕ ಇಳಿಸಿದ 14 ಮಂದಿಯನ್ನು ಆರು ವರ್ಷ ಬಿಟ್ಟು ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಹೆಚ್ಚಿನವರ ತೂಕ ಮರಳಿತ್ತು. ವಿಶ್ರಾಂತಿಯಲ್ಲಿ ಅವರ ದೇಹ ಖರ್ಚು ಮಾಡುವ ಶಕ್ತಿ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಮೆಯಾಗಿಯೇ ಉಳಿದಿತ್ತು. ಇಳಿಸಿದ್ದನ್ನು ಉಳಿಸಿಕೊಂಡವರಾರು ಎಂದು ನೋಡಿದರೆ, ಓಡಾಟವನ್ನು ಬಹಳವಾಗಿ ಹೆಚ್ಚಿಸಿಕೊಂಡಿದ್ದವರು.

ನಮ್ಮ ದೇಶದ್ದೇ ಒಂದು ಸಾಕ್ಷ್ಯವಿದೆ. 1956ರಲ್ಲಿ ಜೀನ್ ಮೇಯರ್ ಮತ್ತು ಸಂಗಡಿಗರು ಬಂಗಾಳದ ಸೆಣಬಿನ ಗಿರಣಿಯೊಂದರ ಕೆಲಸಗಾರರ ಊಟವನ್ನೂ ತೂಕವನ್ನೂ ಅಳೆದು ಪ್ರಕಟಿಸಿದರು. ಮೈಮುರಿದು ದುಡಿಯುವವರು ದುಡಿಮೆಗೆ ತಕ್ಕಂತೆ ಉಣ್ಣುತ್ತಿದ್ದರು, ತೂಕ ಹದವಾಗಿತ್ತು. ಕುಳಿತು ಕೆಲಸ ಮಾಡುವವರು ಮಾತ್ರ ತಮಗಿಂತ ಹೆಚ್ಚು ದುಡಿಯುವವರಷ್ಟೇ ಅಥವಾ ಅವರಿಗಿಂತಲೂ ಹೆಚ್ಚು ಉಣ್ಣುತ್ತಿದ್ದರು, ತೂಕವೂ ಹೆಚ್ಚು. ಓಡಾಟ ಒಂದು ಮಟ್ಟಕ್ಕಿಂತ ಇಳಿದರೆ ಹಸಿವೆಗೆ ಲಗಾಮು ತಪ್ಪುತ್ತದೆಂದು ಅವರ ಊಹೆ. ತೂಕ ಬಂತೆಂದು ನಡಿಗೆ ಬಿಟ್ಟ ರಾಯರು ಬೆಂಚಿನಿಂದ ಎದ್ದು ಆ ಗಿರಣಿಯ ಕುರ್ಚಿಯಲ್ಲಿ ಕುಳಿತಂತಾಯಿತು.

ಹಾಗಾದರೆ ಮಾಡುವುದೇನು? ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಒಂದು ದಾಖಲೆ ಪುಸ್ತಕದಲ್ಲಿ 30 ಪೌಂಡಿಗೆ, ಎಂದರೆ ಹದಿಮೂರೂವರೆ ಕಿಲೋಗೆ, ಕಡಮೆಯಿಲ್ಲದಂತೆ ಇಳಿಸಿ ವರ್ಷಕ್ಕೂ ಮೇಲ್ಪಟ್ಟು ಉಳಿಸಿಕೊಂಡವರ ದಿನಚರಿಯನ್ನು ಬರೆದಿಡುತ್ತ ಬಂದಿದ್ದಾರೆ. ಅವರಲ್ಲಿ ಬಹುಮಂದಿ ದಿನಕ್ಕೆ ಸುಮಾರು ಒಂದು ಗಂಟೆ ಮೈ ದುಡಿಸುವವರು, ಅದರಲ್ಲಿಯೂ ಹೆಚ್ಚಾಗಿ ನಡೆಯುವವರು. ಬೆಳಗಿನ ತಿಂಡಿ ಬಿಡದವರು. ವಾರಕ್ಕೊಮ್ಮೆಯಾದರೂ ತಕ್ಕಡಿ ಹತ್ತುವವರು. ಗೆದ್ದವರೇ ತಾವಾಗಿ ಹೆಸರು ಕೊಟ್ಟು ಸೇರಿದ ಪಟ್ಟಿ ಇದೆಂಬುದನ್ನು ನೆನಪಿಟ್ಟೇ ಓದಬೇಕು. ಆದರೂ ಸೋಮೇಶ್ವರನ ಭ್ರಮಣಶ್ರಮಕ್ಕೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ.

ಆದುದರಿಂದ ಗುರಿ ಮುಟ್ಟಿದವರು ನಡಿಗೆಯನ್ನು ಕಡಮೆ ಮಾಡತಕ್ಕದ್ದಲ್ಲ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆಯಾಗಿ ಒಡೆದುಕೊಂಡರೂ ಸರಿಯೆ. ಇಳಿಸುವ ಕಾಲದಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಒಂದಿಷ್ಟು ಹೋಗಿರುತ್ತದೆ. ಐವತ್ತು ದಾಟಿದವರಲ್ಲಿ ಅದು ತಾನಾಗಿ ಮರಳುವುದಿಲ್ಲ. ವಾರಕ್ಕೆ ಎರಡು ದಿನ ಭಾರಶ್ರಮವೂ ಇರಲಿ. ಬೆಳಗಿನ ವಾರ್ತೆ ಕೇಳುತ್ತಲೇ ಕುರ್ಚಿ ಹಿಡಿದು ಬಸ್ಕಿ ತೆಗೆಯಬಹುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯಬಹುದು. ಹೆಂಗಸರಿಗೆ ಇದು ಹೇಳಿದ್ದಲ್ಲವೆಂಬ ಭಾವನೆಯನ್ನು ಬಿಡಬೇಕು; ಮೂಳೆ ಸವೆಯುವ ತೊಂದರೆ ಅವರಿಗೇ ಹೆಚ್ಚು. ಕಡಮೆ ಮಾಡತಕ್ಕದ್ದು ಅತಿಯನ್ನು: ಮಂಡಿ ನೋಯುವಷ್ಟು ಓಟ, ತಲೆ ಸುತ್ತುವಷ್ಟು ಉಪವಾಸ. ಬಿಟ್ಟ ಅನ್ನವನ್ನು ಮತ್ತೆ ತರುವಾಗ ವಾಗ್ಭಟನ ಕಾಲುಭಾಗದ ಕ್ರಮ ಹಿಡಿದು, ಒಂದು ವಾರ ಒಂದು ಹಿಡಿ ಸೇರಿಸಿ, ತಕ್ಕಡಿ ನೋಡಿ, ಆಮೇಲೆ ಇನ್ನೊಂದು ಹಿಡಿ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆ ನುಂಗುವವರು ಒಂದು ಮಾತನ್ನು ಮರೆಯಬಾರದು. ಹಳೆಯ ತೂಕದಲ್ಲಿ ಬರೆದ ಮಾತ್ರೆಯ ಅಳತೆ ಹೊಸ ತೂಕಕ್ಕೆ ಹೆಚ್ಚಾಗಿ, ನಡೆಯುವಾಗಲೇ ಸಕ್ಕರೆ ಕುಸಿದು ಬೀಳುವುದುಂಟು. ತೂಕ ಇಳಿದ ಕೂಡಲೇ ವೈದ್ಯರಿಗೆ ತೋರಿಸಬೇಕು, ತಾವಾಗಿ ಮಾತ್ರೆ ಬಿಡಬಾರದು.

ನಮ್ಮ ಬಡಾವಣೆಗೆ ಹೆಸರು ಕೊಟ್ಟ ವಿಶ್ವೇಶ್ವರಯ್ಯನವರು ನೂರು ವರ್ಷ ದಾಟಿ 1962ರಲ್ಲಿ ತೀರಿಕೊಂಡರು. ಮಿತವಾದ ಊಟ, ತಪ್ಪದ ನಡಿಗೆ ಇವೆರಡಕ್ಕೂ ಅವರು ಹೆಸರಾಗಿದ್ದರು. ಅವರದೇ ಹೆಸರಿನ ಬಡಾವಣೆಯಲ್ಲಿ, ಸಜ್ಜನರಾವ್ ವೃತ್ತದ ಪಕ್ಕದಲ್ಲಿ, ಊರಿನವರೆಲ್ಲ ಬಂದು ತಿನ್ನುವ ತಿಂಡಿ ಬೀದಿ ಬೆಳೆದದ್ದು ವಿನೋದವೇ ಸರಿ. ತಿಂಡಿ ಬೀದಿಯನ್ನು ಬಹಿಷ್ಕರಿಸಿ ಬದುಕಿ ಎಂದು ಹೇಳುವ ಧೈರ್ಯ ನನಗಿಲ್ಲ. ಹೇಳಿದರೂ ಯಾರೂ ಕೇಳರು. ಹಿತಕಿದ ಅವರೆಬೇಳೆಯ ಕಾಲ ಬರುವುದು ಡಿಸೆಂಬರು ಜನವರಿಗಳಲ್ಲಿ. ಹಸಿವು ಚುರುಕಾಗಿರುವ, ಬಲವಂತರು ಜಿಡ್ಡು ಉಂಡು ಅರ್ಧಶಕ್ತಿಯ ವ್ಯಾಯಾಮವನ್ನು ಪೂರ್ತಿಯಾಗಿ ಮಾಡಬಹುದೆಂದು ವಾಗ್ಭಟನು ಹೇಳಿದ ಚಳಿಗಾಲವೂ ಅದೇ. ಮಿಕ್ಕ ತಿಂಗಳುಗಳಲ್ಲಿ ಎರಡು ಸುತ್ತು ನಡೆಯುವವರು ಆ ಎರಡು ತಿಂಗಳು ಮೂರು ಸುತ್ತು ನಡೆಯಲಿ. ಭಾನುವಾರ ಬೆಳಗ್ಗೆ, ಕಾಫಿಗೆ ಮುಂಚೆ, ತಕ್ಕಡಿ ಎರಡು ಕಿಲೋ ಹೆಚ್ಚು ತೋರಿಸಿದರೆ ಸೋಮವಾರದಿಂದಲೇ ನಾಲ್ಕನೆಯದು.