ಲೆಕ್ಕಕ್ಕೆ ಬಾರದ ಗಂಧಕ: ಉತ್ತರ ಚೆನ್ನೈನ ಚಿಮಣಿಗಳು ಮತ್ತು ಟ್ರೈಆಕ್ಸೈಡ್ ಮಾಪನದ ಚರಿತ್ರೆ

ಚೆನ್ನೈನ ಉತ್ತರ ಅಂಚಿನ ಎಣ್ಣೂರಿನಲ್ಲಿ ಕಲ್ಲಿದ್ದಲು ಸ್ಥಾವರ ವಿದ್ಯುತ್ ಕೊಡಲು ತೊಡಗಿದ್ದು 1970ರಲ್ಲಿ. ಅದು 2017ರಲ್ಲಿ ಮುಚ್ಚಿತು. 1990ರ ದಶಕದ ಉತ್ತರ ಚೆನ್ನೈ ಸ್ಥಾವರವೂ ಆಮೇಲೆ ಬಂದ ವಲ್ಲೂರಿನ 500 ಮೆಗಾವಾಟ್‌ಗಳ ಮೂರು ಘಟಕಗಳೂ ಉಳಿದಿವೆ. ಇಂಥ ಸ್ಥಾವರಗಳ ಗಂಧಕದ ಡೈಆಕ್ಸೈಡಿಗೆ ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಮಿತಿ ಹಾಕಿತು, ಟ್ರೈಆಕ್ಸೈಡಿಗೆ ಹಾಕಲಿಲ್ಲ. ಇದನ್ನು ಬರೀ ಆಡಳಿತದ ಉದಾಸೀನವೆಂದು ತಳ್ಳಿಹಾಕುವಂತಿಲ್ಲ. ಕಾರಣದ ಒಂದು ಪಾಲು ಅಳೆಯುವ ವಿಧಾನದಲ್ಲೇ ಅಡಗಿದೆ.

ಬಾಯ್ಲರಿನಲ್ಲಿ ಡೈಆಕ್ಸೈಡಿನ ಸುಮಾರು ನೂರಕ್ಕೊಂದು ಪಾಲು ಟ್ರೈಆಕ್ಸೈಡಾಗಿ, ಹೊಗೆ ತಣಿದಂತೆ ನೀರಾವಿಯೊಡನೆ ಕೂಡಿ ಗಂಧಕಾಮ್ಲವಾಗುತ್ತದೆ. ಇದರ ಬಗ್ಗೆ ಮೊದಲು ತಲೆಕೆಡಿಸಿಕೊಂಡವರು ಲೋಹ ತುಕ್ಕು ಹಿಡಿದೀತೆಂದು ಹೆದರಿದ ಎಂಜಿನಿಯರುಗಳು. ಊರಿನ ಗಾಳಿಯ ಚಿಂತೆ ಆಮೇಲಿನದು. 1929ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್‌ಸ್ಟೋನ್, ಆಮ್ಲದ ಪದರ ಕೂತೊಡನೆ ವಿದ್ಯುತ್ ಹರಿಯುವ ಗಾಜಿನ ಸಲಕರಣೆಯಿಂದ ಹೊಗೆಯ ಇಬ್ಬನಿಬಿಂದುವನ್ನು ಅಳೆದರು. ಅದರಿಂದ ನೇರವಾಗಿ ಸಿಕ್ಕಿದ್ದು ಉಷ್ಣತೆ. ಪ್ರಮಾಣ ಬೇಕಾದವರಿಗೆ 1962ರಲ್ಲಿ ಗೊಕ್ಸೋಯ್ರ್ ಮತ್ತು ರಾಸ್ ದಾರಿ ತೋರಿದರು: ಹೊಗೆಯನ್ನು ಬಿಸಿಯಾಗಿಯೇ ಎಳೆದು, ಬಿಸಿನೀರು ಸುತ್ತುವರಿದ ಗಾಜಿನ ಸುರುಳಿಯಲ್ಲಿ ಆಮ್ಲ ಮಾತ್ರ ಹನಿಗಟ್ಟುವಂತೆ ಮಾಡುವುದು. ನೀರಾವಿಯೂ ಡೈಆಕ್ಸೈಡೂ ಮುಂದಕ್ಕೆ ಹೋಗುತ್ತವೆ.

ಡೈಆಕ್ಸೈಡಿನ ಬಾಟಲಿ ಪರೀಕ್ಷೆಯ ಕಥೆಯೇ ಬೇರೆ. ಅಮೆರಿಕದ ಪರಿಸರ ಸಂಸ್ಥೆಯ (ಇಪಿಎ) ಆರನೇ ವಿಧಾನದಲ್ಲಿ ಹೊಗೆ ಮೊದಲು ಶೇ. 80ರ ಐಸೋಪ್ರೊಪನಾಲಿನೊಳಗೆ ಗುಳುಗುಳಿಸುತ್ತದೆ. ಟ್ರೈಆಕ್ಸೈಡ್ ಅಲ್ಲೇ ನಿಲ್ಲುತ್ತದೆ. ಮುಂದಿನ ಬಾಟಲಿಗಳ ಹೈಡ್ರೋಜನ್ ಪೆರಾಕ್ಸೈಡ್ ಡೈಆಕ್ಸೈಡನ್ನು ಹಿಡಿಯುತ್ತದೆ. ಕೊನೆಗೆ ಶುದ್ಧ ಗಾಳಿ ಹಾಯಿಸಿ, ಪೆರಾಕ್ಸೈಡನ್ನು ಬೇರಿಯಂ ದ್ರಾವಣದಿಂದ, ಥೋರಿನ್ ಸೂಚಕ ಗುಲಾಬಿಗೆ ತಿರುಗುವತನಕ ಟೈಟ್ರೇಟ್ ಮಾಡುತ್ತಾರೆ. ಮೊದಲ ಬಾಟಲಿಯ ದ್ರವ ಮೋರಿಗೆ. ಭಾರತೀಯ ಮಾನಕ 11255ರ ಎರಡನೇ ಭಾಗವೂ (1985) ಇದೇ ಐಸೋಪ್ರೊಪನಾಲ್–ಥೋರಿನ್ ಹಾದಿಯದು. ಇಲ್ಲಿ ಟ್ರೈಆಕ್ಸೈಡೆಂದರೆ ಡೈಆಕ್ಸೈಡಿನ ಲೆಕ್ಕ ಕೆಡದಂತೆ ಪಕ್ಕಕ್ಕೆ ಸರಿಸಬೇಕಾದ ಅಡ್ಡಿ. ಆ ಬಾಟಲಿಯನ್ನೇ ಟೈಟ್ರೇಟ್ ಮಾಡಿದರಾಯಿತಲ್ಲ ಎನ್ನಬಹುದು. ಅಮೆರಿಕದ ಎಂಟನೇ ವಿಧಾನ ಮಾಡುವುದು ಅದನ್ನೇ. ಆದರೆ ಐಸೋಪ್ರೊಪನಾಲಿನಲ್ಲಿ ಕರಗಿದ ಡೈಆಕ್ಸೈಡ್ ಸ್ವಲ್ಪ ಉತ್ಕರ್ಷಣಗೊಂಡರೂ ಸಾಕು, ನೂರಕ್ಕೊಂದು ಪಾಲಿನ ಲೆಕ್ಕ ಉಬ್ಬಿಬಿಡುತ್ತದೆ.

ಭಾರತದ ಕಲ್ಲಿದ್ದಲು ಇನ್ನೊಂದು ತಿರುವು ಕೊಟ್ಟಿತು. ಗಂಧಕ ಕಡಿಮೆ, ಬೂದಿ ವಿಪರೀತ. ಬೂದಿಯ ವಿದ್ಯುತ್ ರೋಧ ಹೆಚ್ಚಿದ್ದರೆ ವಿದ್ಯುತ್ ಬಲದಿಂದ ಬೂದಿ ಸೆಳೆಯುವ ಸಾಧನಕ್ಕೆ (ಇಎಸ್‌ಪಿ) ಅದನ್ನು ಹಿಡಿಯುವುದು ಕಷ್ಟ. ಹಾಗಾಗಿ ಆ ರೋಧ ತಗ್ಗಿಸಲು ಟ್ರೈಆಕ್ಸೈಡನ್ನು ಹೊರಗಿನಿಂದ ಬೆರೆಸುವ ಉಪಾಯವೂ ಎಂಜಿನಿಯರಿಂಗಿನಲ್ಲಿದೆ. ಒಹಾಯೊದ ಚೆಷೈರಿನಲ್ಲಿ ಆದದ್ದು ತದ್ವಿರುದ್ಧ. ಗ್ಯಾವಿನ್ ಸ್ಥಾವರಕ್ಕೆ ಸಾರಜನಕದ ಆಕ್ಸೈಡ್ ತಗ್ಗಿಸುವ ವೇಗವರ್ಧಕ ಕೂರಿಸಿದ ಮೇಲೆ ಟ್ರೈಆಕ್ಸೈಡ್ ಹೆಚ್ಚಿ, 2001ರಲ್ಲಿ ಆಮ್ಲದ ನೀಲಿ ಹೊಗೆ ಊರಿಗಿಳಿಯಿತು. ಮರುವರ್ಷ ಕಂಪನಿ 2 ಕೋಟಿ ಡಾಲರಿಗೆ ಊರನ್ನೇ ಕೊಳ್ಳಲು ಒಪ್ಪಿತು!

ಇತ್ತ ಭಾರತದಲ್ಲಿ ಪರಿಸರ ಸಚಿವಾಲಯದ 2025ರ ಜುಲೈ ಅಧಿಸೂಚನೆ ಹೆಚ್ಚಿನ ಸ್ಥಾವರಗಳಿಗೆ ಗಂಧಕ ತೊಳೆಯುವ ಘಟಕದಿಂದ ವಿನಾಯಿತಿ ಕೊಟ್ಟರೂ, ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಿಂದ 10 ಕಿ.ಮೀ. ಒಳಗಿನವುಗಳಿಗೆ 2027ರ ಕೊನೆಯ ಗಡುವು ಇಟ್ಟಿದೆ. ಸುಣ್ಣಕಲ್ಲಿನ ನೀರು ಡೈಆಕ್ಸೈಡನ್ನು ಚೆನ್ನಾಗಿ ಹೀರುತ್ತದೆ. ಟ್ರೈಆಕ್ಸೈಡ್ ಥಟ್ಟನೆ ತಣಿದು ಅತಿಸೂಕ್ಷ್ಮ ಮಂಜಾಗುತ್ತದೆ, ಅದರಲ್ಲಿ ಒಂದಂಶ ನುಸುಳುತ್ತದೆ. ಚಿಮಣಿಯ ಡೈಆಕ್ಸೈಡ್ ಯಂತ್ರಕ್ಕೆ ಆ ಮಂಜು ಕಾಣದು. ಹಾಗಾಗಿ ತೊಳೆಯುವ ಘಟಕದ ಮುಂದೆ ಒಮ್ಮೆ, ಹಿಂದೆ ಒಮ್ಮೆ ಗಾಜಿನ ಸುರುಳಿಯ ಪರೀಕ್ಷೆಯನ್ನೂ ನಡೆಸುವುದು ಅಗತ್ಯ.